ನೆಲಕ್ಕೆ ಇಳಿಸಬೋದಂತೆ

ಕಾಯಿಲೆಯ ಕಥೆ ಬರೆಯುವವರು ಸಾಮಾನ್ಯವಾಗಿ ತಮ್ಮದೋ, ಗಂಡನದೋ, ಮಗುವಿನದೋ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ನಮ್ಮ ಮನೆಯ ನಾಯಿಯ ಕಾಲಿನ ಕಥೆ. ಇಲ್ಲಿಗೇ ಕೆಲವರಿಗೆ ನಗು ಬಂದಿರುತ್ತದೆ. ಬರಲಿ, ಆ ದಿನಗಳಲ್ಲಿ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ಬೇಕಾದಷ್ಟು ನಗು ಕೇಳಿದ್ದೇನೆ. ಆದರೆ ಎಲ್ಲೋ ಒಂದು ಪಶು ಆಸ್ಪತ್ರೆಯ ಬೆಂಚಿನ ಮೇಲೆ, ಟವೆಲ್ ಸುತ್ತಿದ ಪ್ರಾಣಿಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನಿಂದಲೇ ಹೀಗಾಯಿತೆಂದು ಒಳಗೊಳಗೇ ಬೇಯುತ್ತ ಕುಳಿತವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ನಾನೂ ಆ ಬೆಂಚಿನ ಮೇಲೆ ಕುಳಿತಿದ್ದೆ.

ನಾನು ಮೈಸೂರು ಕಡೆಯವಳು. ಮದುವೆಯಾಗಿ ಚಿಂತಾಮಣಿಗೆ ಬಂದು, ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಗಂಡ ವೆಂಕಟೇಶ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅತ್ತೆ ಮುನಿವೆಂಕಟಮ್ಮ. ಆ ಕಡೆಯ ಬಹಳ ಮನೆಗಳಂತೆ ಇವರದೂ ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ನಾನು ಬಂದೆನಲ್ಲ, ಒಳಗೂ ಕನ್ನಡ ಮಾಡಿದೆ. ಮಗಳು ಹುಟ್ಟಿದ ಮೇಲಂತೂ ಕಟ್ಟುನಿಟ್ಟು. ಮಗುವಿನ ಕಿವಿಗೆ ಎರಡು ಭಾಷೆ ಕಲಸಿ ಹಾಕಬೇಡಿ ಎಂದು ಗಂಡನಿಗೆ ಹೇಳಿದೆ, ಅತ್ತೆಗೂ ಹೇಳಿದೆ. ಅತ್ತೆಯ ಬಾಯಲ್ಲಿ ಕನ್ನಡದ ನಡುವೆ ಒಂದು ತೆಲುಗು ಪದ ನುಸುಳಿದರೆ ಸಾಕು, ನಾನು ಪರೀಕ್ಷೆ ಪತ್ರಿಕೆ ತಿದ್ದುವವಳಂತೆ ತಿದ್ದುತ್ತಿದ್ದೆ. ಅವರು ನಗುತ್ತಿದ್ದರು. "ಮೇಷ್ಟ್ರಮ್ಮ ನಮ್ಮನೇಗೇ ಬಂದವ್ಳೆ, ಫೀಜಿಲ್ಲ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು.

ಮಾವ ತೀರಿಕೊಂಡ ವರ್ಷ ಅತ್ತೆ ಮಾತು ಕಡಿಮೆ ಮಾಡಿದರು. ಊಟಕ್ಕೆ ಕರೆದರೆ ಬರುವುದು, ಉಂಡು ಎದ್ದು ಹೋಗುವುದು ಅಷ್ಟೆ. ಹಾಗಿರುವಾಗ ಒಂದು ದಿನ ಮಾರ್ಕೆಟ್ಟಿನಿಂದ ಬರುತ್ತ, ಟೊಮೆಟೊ ಬಾಕ್ಸುಗಳ ಹಿಂದೆ ಒದ್ದೆಯಾಗಿ ಕೂಗುತ್ತಿದ್ದ ಒಂದು ಹೆಣ್ಣು ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಕಂದು ಬಣ್ಣ, ಒಂದು ಕಿವಿ ನಿಮಿರಿದ್ದು, ಇನ್ನೊಂದು ಮಡಿಸಿದ್ದು. ಬುಜ್ಜಿ ಎಂದು ಹೆಸರಿಟ್ಟರು. ನಾನು ಮೂಗು ಮುರಿದೆ. ಆದರೆ ಆ ಸಂಜೆಯೇ ಹಿತ್ತಲಿನಿಂದ ಅತ್ತೆಯ ಮಾತು ಕೇಳಿತು. ಎಷ್ಟೋ ತಿಂಗಳ ಮೇಲೆ ಅವರು ಒಂದೇ ಸಮ ಮಾತಾಡುತ್ತಿದ್ದರು, ಆ ಮರಿಯ ಜೊತೆ, ತೆಲುಗಿನಲ್ಲಿ. "ರಾ ಬುಜ್ಜಿ, ತಿನು, ನಾ ಬಂಗಾರು." ನಾಯಿಗೆ ಕನ್ನಡ ಕಲಿಸಬೇಕೆಂದು ನನಗೂ ಅನ್ನಿಸಲಿಲ್ಲ, ಬಿಟ್ಟುಬಿಟ್ಟೆ.

ಹೀಗಾಗಿ ನಮ್ಮ ಬುಜ್ಜಿ ಅಪ್ಪಟ ತೆಲುಗು ನಾಯಿ. ನಾನು "ಬಾ" ಎಂದರೆ ಕಿವಿ ಅಲ್ಲಾಡಿಸುತ್ತಿರಲಿಲ್ಲ, ಅತ್ತೆ "ರಾ" ಎಂದರೆ ಬೀದಿಯ ಕೊನೆಯಿಂದ ಓಡಿ ಬರುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಅತ್ತೆ ಬೆಳಗಿನಿಂದ ಸಂಜೆಯವರೆಗೆ ಅವಳಿಗೆ ಊರ ಸುದ್ದಿ, ನಾದಿನಿಯ ಸುದ್ದಿ, ಮಾವನ ಹಳೆಯ ಜಗಳಗಳನ್ನು ಹೇಳುತ್ತಿದ್ದರು. ಅವಳು ಮುಂಗಾಲ ಮೇಲೆ ಗಲ್ಲ ಊರಿ ಕೇಳುತ್ತಿದ್ದಳು.

ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಕಾಲ. ಕಚೇರಿಯಲ್ಲಿ ಫೈಲುಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುವುದೇ ಕೆಲಸವಾಗಿ ನನ್ನ ಗಂಡನಿಗೆ ಭಾನುವಾರವೂ ಪುರುಸೊತ್ತಿರಲಿಲ್ಲ. ದೀಪಾವಳಿ ಕಳೆದ ವಾರ, ನಮ್ಮ ಬೀದಿಯಲ್ಲಿ ಒಂದು ಲಗೇಜ್ ಆಟೋ ರಿವರ್ಸ್ ತೆಗೆಯುವಾಗ ಹಿಂದೆ ಮಲಗಿದ್ದ ಬುಜ್ಜಿಯ ಬಲ ಹಿಂಗಾಲಿನ ಮೇಲೆ ಹತ್ತಿತು. ಡ್ರೈವರ್ ಇಳಿದು ಕೈ ಮುಗಿದು ನಿಂತ. ಅವನನ್ನು ಬೈಯಲೂ ಅತ್ತೆಗೆ ಪುರುಸೊತ್ತಿಲ್ಲ. ಅವರು ಬೀದಿಯಲ್ಲೇ ಕುಳಿತು, ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು "ಏಮೈಂದಿ ತಲ್ಲಿ, ಏಮೈಂದಿ" ಎನ್ನುತ್ತಿದ್ದರು. ಏನಾಯಿತು ತಾಯಿ ಎಂದು ಕೇಳಬೇಕಿರಲಿಲ್ಲ, ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ತೊಡೆ ಮಧ್ಯಕ್ಕೆ ಬಾಗಿತ್ತು.

ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಒಳ್ಳೆಯವರು. ನೋವಿಗೆ ಇಂಜೆಕ್ಷನ್ ಕೊಟ್ಟು, ಪಟ್ಟಿ ಕಟ್ಟಿ, "ನಾನು ಹಸು ನೋಡೋನಮ್ಮ, ಇದು ತೊಡೆ ಮೂಳೆ, ಕಟ್ಟು ಹಾಕಿದ್ರೆ ನಿಲ್ಲೋದಿಲ್ಲ, ಒಳಗೆ ಪ್ಲೇಟ್ ಕೂರಿಸ್ಬೇಕು" ಎಂದರು. ಬೆಂಗಳೂರಿನಲ್ಲಿ ಪ್ರಾಣಿಗಳ ಮೂಳೆಗೆ ಆಪರೇಷನ್ ಮಾಡುವ ಸರ್ಜನ್ ಒಬ್ಬರು ಭಾನುವಾರಗಳಂದು ಚಿಕ್ಕಬಳ್ಳಾಪುರಕ್ಕೆ ಬರುತ್ತಾರೆಂದು ಅವರೇ ಚೀಟಿ ಬರೆದುಕೊಟ್ಟರು. ಮನೆಗೆ ಬಂದರೆ ಬೀದಿಯವರದು ಬೇರೆ ಸಲಹೆ. ಆ ಕಡೆ ಮನುಷ್ಯರಿಗೆ ಮೂಳೆ ಮುರಿದರೂ ಮೊದಲು ನೆನಪಾಗುವುದು ಆಂಧ್ರದ ಪುತ್ತೂರಿನ ನಾಟಿ ಕಟ್ಟು. "ಬಿದಿರು ಕಟ್ಟಿ ಬಿಡ್ತಾರೆ, ಹದ್ನೈದು ದಿನಕ್ಕೆ ಓಡಾಡ್ತದೆ" ಎಂದರು. ಅತ್ತೆಗೂ ಅದೇ ಮನಸ್ಸಿತ್ತು. ನಾನು ಒಪ್ಪಲಿಲ್ಲ. ಓದಿದವಳು, ಆಪರೇಷನ್ನೇ ಆಗಬೇಕು ಎಂದು ಹಟ ಹಿಡಿದೆ.

ಆಪರೇಷನ್ನಿನ ಮರುದಿನ, ಸೋಮವಾರಕ್ಕೆಂದು ಹಾಕಿದ ರಜೆಯ ಅರ್ಜಿಯಲ್ಲಿ "ಮನೆಯಲ್ಲಿ ಅನಾರೋಗ್ಯದ ನಿಮಿತ್ತ" ಎಂದು ಬರೆದೆ. ಹೆಡ್ ಮಾಸ್ಟರು ಕಾಳಜಿಯಿಂದ "ಯಾರಿಗಮ್ಮ, ಅತ್ತೆಯವರಿಗಾ?" ಎಂದರು. ಸುಳ್ಳು ಬಾಯಿಗೆ ಬರಲಿಲ್ಲ. "ನಾಯಿಗೆ ಸಾರ್, ಕಾಲಿನ ಆಪರೇಷನ್" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೂ ಅರ್ಜಿಯನ್ನೂ ನೋಡಿದರು. ಸಹಿ ಹಾಕಿದರು, ಆದರೆ ಮಧ್ಯಾಹ್ನದ ಹೊತ್ತಿಗೆ ಇಡೀ ಶಾಲೆಗೆ ಸುದ್ದಿಯಾಗಿತ್ತು.

ಚಿಕ್ಕಬಳ್ಳಾಪುರದಲ್ಲಿ ಆ ಡಾಕ್ಟರ ಕ್ಲಿನಿಕ್ ಒಂದು ಬಾಡಿಗೆ ಮನೆ. ಹಾಲ್ ಕಾಯುವ ಜಾಗ, ಒಳಗಿನ ರೂಮು ಆಪರೇಷನ್ನಿಗೆ. ಎಕ್ಸ್‌ರೇಗೆ ಮಾತ್ರ ಪಕ್ಕದ ಬೀದಿಯಲ್ಲಿದ್ದ ಮನುಷ್ಯರ ಎಕ್ಸ್‌ರೇ ಅಂಗಡಿಗೆ ಹೋಗಬೇಕಿತ್ತು. ಇದ್ದ ಜನ ಮುಗಿದ ಮೇಲೆ ಒಳಗೆ ಕರೆದರು. ಅಲ್ಲಿದ್ದವರು ಕವರ್ ಮೇಲೆ ಹೆಸರು, ವಯಸ್ಸು ಬರೆಯಲೇಬೇಕೆಂದರು. ಅತ್ತೆ ಗಂಭೀರವಾಗಿ "ಬುಜ್ಜಮ್ಮ, ಆರು ವರ್ಷ" ಎಂದರು. ಅವರೂ ಅಷ್ಟೇ ಗಂಭೀರವಾಗಿ ಬರೆದುಕೊಂಡರು. ಆ ವಾರದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಆಪರೇಷನ್ ನಡೆಯುವಾಗ ಹಾಲಿನಲ್ಲಿ ನಮ್ಮ ಪಕ್ಕ ಶಿಡ್ಲಘಟ್ಟದ, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರು ಕುಳಿತಿದ್ದರು. ಬಿಳಿ ಟೋಪಿ, ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳು. ಅವರ ಕಾಲ ಬಳಿ ಮುಂಗಾಲಿಗೆ ಪಟ್ಟಿ ಕಟ್ಟಿದ ಒಂದು ಟಗರು. ಅತ್ತೆ ಟಗರನ್ನೇ ನೋಡುತ್ತಿದ್ದುದನ್ನು ಕಂಡು ಅವರೇ ಹೇಳಿದರು.

"ಹಬ್ಬಕ್ಕೆ ಅಂತ ತಂದಿದ್ದು ಅಮ್ಮ. ಮಕ್ಳು ಅದ್ಕೆ ಹೆಸರಿಟ್ಬಿಟ್ರು, ರಾಜು ಅಂತ. ಹೆಸರಿಟ್ಮೇಲೆ ಏನ್ ಮಾಡೋಕಾಗ್ತದೆ? ಈಗ ನೋಡಿ, ಅದರ ಕಾಲಿಗೆ ನಾನು ರಜಾ ಹಾಕ್ಕೊಂಡು ಕೂತಿದೀನಿ."

"ಹೂನಪ್ಪ, ಹೆಸರಿಟ್ಮೇಲೆ ಆಯ್ತು" ಎಂದರು ಅತ್ತೆ. ಆ ರೀಲರ್ ಹೊರಗೆ ಹೋಗಿ ಮೂರು ಗ್ಲಾಸ್ ಟೀ ತಂದರು, ನಮಗೂ ಕೊಟ್ಟರು. ಯಾರೋ ಗುರುತಿಲ್ಲದವರು ತಂದುಕೊಟ್ಟ ಆ ಟೀ ನನ್ನ ಗಂಟಲಿನಲ್ಲಿ ಇಳಿದದ್ದು ನನಗಿನ್ನೂ ನೆನಪಿದೆ.

ಎರಡು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದು "ಚೆನ್ನಾಗಾಯ್ತು" ಎಂದರು. ಅವರು ಮೂಲತಃ ಆಂಧ್ರದವರೇ. ಅತ್ತೆಯ ಮಾತು ಕೇಳಿ ತೆಲುಗಿಗೆ ತಿರುಗಿದರು. ಅತ್ತೆಯ ಮುಖ ಅರಳಿತು. ಬುಜ್ಜಿಯನ್ನು ಎತ್ತರದಲ್ಲೇ ಮಲಗಿಸಿಡಬೇಕು, ಜಿಗಿಯಬಾರದು, ಮೂತ್ರಕ್ಕೆ ಮಾತ್ರ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ನಿಲ್ಲಿಸಬೇಕು, ಹೊಲಿಗೆ ಬಿಚ್ಚಿ ಇನ್ನೊಂದು ಎಕ್ಸ್‌ರೇ ನೋಡಿದ ಮೇಲೆ ನಡೆಸುವ ವಿಷಯ ಹೇಳುತ್ತೇನೆ ಎಂದರು. ಮನೆಗೆ ಬಂದು, ಮಗಳು ಚಿಕ್ಕವಳಿದ್ದಾಗಿನ ಕಟಕಟೆಯ ಮಂಚವನ್ನು ಅಟ್ಟದಿಂದ ಇಳಿಸಿ, ಹಳೆಯ ಸೀರೆ ಹಾಸಿ ಬುಜ್ಜಿಯನ್ನು ಅದರಲ್ಲಿ ಮಲಗಿಸಿದೆವು. ಅತ್ತೆ ಪಕ್ಕದಲ್ಲೇ ಚಾಪೆ ಹಾಕಿಕೊಂಡರು. ಬೋಳಿಸಿದ ತೊಡೆ, ಅದರ ಮೇಲೆ ಕಪ್ಪು ಹೊಲಿಗೆ. ಕೈವಾರದ ದೇವಸ್ಥಾನದ ಕಡೆ ಹೋಗುವವರು ಯಾರಾದರೂ ಸಿಕ್ಕಿದರೆ ಅತ್ತೆ ಅವರ ಕೈಯಲ್ಲಿ ಒಂದು ತೆಂಗಿನಕಾಯಿ ಕಳಿಸುತ್ತಿದ್ದರು.

ಎರಡು ವಾರದ ಮೇಲಿನ ಭಾನುವಾರ ಹೊಲಿಗೆ ಬಿಚ್ಚಿಸಿ, ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಡಾಕ್ಟರ ಬಳಿ ಬಿಟ್ಟು ಬಂದೆವು. ಸರಿಯಾಗಿ ನೋಡಿ ಫೋನ್ ಮಾಡುತ್ತೇನೆ ಎಂದಿದ್ದರು. ಮರುದಿನ, ಸೋಮವಾರ, ನಾನು ಶಾಲೆಯಿಂದ ಬರುವ ಹೊತ್ತಿಗೆ ಅತ್ತೆ ಕೈಯಲ್ಲಿ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗೌರಿಬಿದನೂರಿನಲ್ಲಿದ್ದ ನಾದಿನಿ ಲಕ್ಷ್ಮಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಅವಳ ಗಂಡ ಕರೆದೊಯ್ಯಲು ಬಂದು ಆಟೋದಲ್ಲಿ ಕಾಯುತ್ತಿದ್ದ. ಅತ್ತೆಯ ಮುಖದಲ್ಲಿ ಗಾಬರಿಯೂ ಇತ್ತು, ಸಂತೋಷವೂ ಇತ್ತು.

"ಡಾಕ್ಟ್ರು ಫೋನ್ ಮಾಡಿದ್ರಮ್ಮ. ಮೂಳೆ ಚೆನ್ನಾಗಿ ಕೂತೈತಂತೆ. ಬುಜ್ಜಿ ಮೊದ್ಲಿನಂಗೆ ನಡೀತಾಳೆ ಅಂದ್ರು. ನೆಲಕ್ಕೆ ಇಳಿಸಬೋದಂತೆ."

"ಹೌದಾ ಅತ್ತೆ? ಹೊರಗೂ ನಡೆಸಬಹುದಂತಾ?"

"ಹೂನಮ್ಮ, ಮೊದ್ಲು ಮನೆ ಒಳ್ಗೆ, ಆಮೇಲೆ ನಿಧಾನಕ್ಕೆ ಬೀದಿಗೆ. ನಾನು ಬರೋವರ್ಗೂ ನೋಡ್ಕೊಳ್ಳಮ್ಮ ಅವಳ್ನ."

ಕಟಕಟೆಯ ಹತ್ತಿರ ಹೋಗಿ ಬುಜ್ಜಿಯ ಹಣೆ ಸವರಿ, ಆಟೋ ಹತ್ತಿದರು.

ನಾನು ಅಂದೇ ಅವಳನ್ನು ಎತ್ತಿ ನೆಲದ ಮೇಲೆ ಬಿಟ್ಟೆ. ರಾತ್ರಿ ಊಟಕ್ಕೆ ಕುಳಿತಾಗ ಗಂಡ "ಇಷ್ಟು ಬೇಗನಾ?" ಎಂದರು. "ಡಾಕ್ಟ್ರು ಹೇಳಿದ್ದಾರೆ, ನಿಮ್ಮಮ್ಮನೇ ಕೇಳಿಸ್ಕೊಂಡಿದ್ದು" ಎಂದೆ. ಅವರು ಸಾರು ಬಡಿಸಿಕೊಂಡರು.

ಬುಜ್ಜಿಗೆ ಇಷ್ಟವಿರಲಿಲ್ಲ. ನಿಂತಲ್ಲೇ ನಡುಗುತ್ತಿದ್ದಳು, ಕಾಲನ್ನು ಮಡಿಸಿ ಹೊಟ್ಟೆಗೆ ಸೇರಿಸಿಕೊಳ್ಳುತ್ತಿದ್ದಳು. ಸೋಮಾರಿತನ ಎಂದುಕೊಂಡೆ. ಬನ್ನು ತೋರಿಸಿದೆ, ಬರಲಿಲ್ಲ. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಆರು ವರ್ಷದಲ್ಲಿ ಮೊದಲ ಬಾರಿಗೆ, ಅತ್ತೆಯ ದನಿಯನ್ನೇ ಮಾಡಿಕೊಂಡು "ರಾ ಬುಜ್ಜಿ, ರಾ ತಲ್ಲಿ" ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಆ ಕಾಲನ್ನು ಊರಿ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ನನ್ನ ಬಳಿ ಬಂದಳು.

ಒಂಬತ್ತು ದಿನ ನಡೆಸಿದೆ. ಮೊದಲು ಹಾಲಿನಲ್ಲಿ, ಆಮೇಲೆ ಜಗುಲಿಯಲ್ಲಿ, ಕೊನೆಯ ಮೂರು ದಿನ ಬೀದಿಯಲ್ಲಿ. ನೋಡಿದವರೆಲ್ಲ ಬೆರಗಾದರು. ನಗಾಡಿದ್ದ ಟೀಚರುಗಳನ್ನು ಮನೆಗೆ ಕರೆದು ತೋರಿಸಿದೆ. ಅತ್ತೆ ಗೌರಿಬಿದನೂರಿನಿಂದ ಫೋನ್ ಮಾಡಿ "ಹೆಂಗವ್ಳಮ್ಮ?" ಎಂದಾಗ "ಚೆನ್ನಾಗಿದ್ದಾಳೆ ಅತ್ತೆ" ಎಂದಷ್ಟೇ ಹೇಳಿದೆ, ನಡೆಯುವ ವಿಷಯ ಬೇಕೆಂದೇ ಹೇಳಲಿಲ್ಲ. ಅವರು ಬಂದು ಗೇಟಿನಲ್ಲಿ ಇಳಿದಾಗ ಬುಜ್ಜಿ ತಾನೇ ನಡೆದು ಎದುರು ಹೋಗಬೇಕು, ಅದನ್ನು ನೋಡಿ ಅವರ ಮುಖ ಹೇಗಾಗುತ್ತದೆಂದು ನಾನು ನೋಡಬೇಕು ಎಂಬ ಆಸೆ ನನ್ನದು. ಇಷ್ಟು ವರ್ಷ ಅವರನ್ನು ತಿದ್ದಿದ್ದೇ ಆಯಿತು, ಒಂದು ಸಲವಾದರೂ ಸಂತೋಷಪಡಿಸಬೇಕೆಂದಿತ್ತು.

ಬುಧವಾರ ಮಧ್ಯಾಹ್ನ, ನಾನು ಅರ್ಧ ದಿನ ರಜೆ ಹಾಕಿ ಕಾಯುತ್ತಿದ್ದಾಗ, ಅತ್ತೆ ಬಂದರು. ಆಟೋ ಗೇಟಿನ ಮುಂದೆ ನಿಂತು, ಚಿಲ್ಲರೆಗಾಗಿ ಡ್ರೈವರನ ಜೊತೆ ಮಾತಾಡುವ ಅವರ ದನಿ ಕೇಳಿಸಿತು. ನಾನು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತೆ. ಬುಜ್ಜಿ ನಡೆಯಲಿಲ್ಲ, ಓಡಿದಳು. ಜಗುಲಿಯ ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರಿದಳು. ಒಣಗಿದ ಸೌದೆ ಮುರಿದಂಥ ಒಂದು ಸದ್ದು ಕೇಳಿತು. ಗೇಟಿಗೆ ನಾಲ್ಕು ಹೆಜ್ಜೆ ಈಚೆಗೆ ಕುಸಿದು, ಮುಂದಿನ ಎರಡು ಕಾಲಲ್ಲಿ ದೇಹವನ್ನು ಎಳೆದುಕೊಂಡು, ಕೂಗುತ್ತಲೇ ಅತ್ತೆಯ ಕಡೆ ತೆವಳಿದಳು.

ಅತ್ತೆ ಬ್ಯಾಗ್ ಎಸೆದು ಬಂದರು. "ಅಯ್ಯಯ್ಯೋ, ಯಾಕಮ್ಮ ಇಳಿಸ್ದೆ ಇವಳ್ನ?"

"ನೀವೇ ಹೇಳಿದ್ರಲ್ಲ ಅತ್ತೆ, ಇಳಿಸಬಹುದಂತೆ ಅಂತ!"

"ನೆಲ ಆಗ್ಲಿಲ್ವಲ್ಲಮ್ಮ ಇನ್ನಾ! ನೆಲ ಎಲ್ಲಾಯ್ತು?"

ನೆಲ ಆಗಲಿಲ್ಲವಂತೆ. ಆ ಮಾತು ಕಿವಿಯೊಳಗೆ ಹೋಗಿ ಅರ್ಥವಾಗಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ತೆಲುಗಿನಲ್ಲಿ ನೆಲ ಎಂದರೆ ತಿಂಗಳು. ನನಗೆ ಗೊತ್ತಿಲ್ಲದ ಪದವೇನಲ್ಲ, ಹನ್ನೊಂದು ವರ್ಷ ಆ ಊರಿನಲ್ಲಿದ್ದವಳು. ಆದರೆ ಕನ್ನಡದ ಮಾತಿನ ನಡುವೆ ನೆಲ ಎಂದು ಕೇಳಿದರೆ, ಅದರಲ್ಲೂ ಕಣ್ಣೆದುರು ಮಂಚದ ಮೇಲೆ ನಾಯಿ ಮಲಗಿರುವಾಗ, ಕಾಲ ಕೆಳಗಿನ ನೆಲವಲ್ಲದೆ ಇನ್ನೇನು ಹೊಳೆಯಬೇಕು? ಡಾಕ್ಟರು ಹೇಳಿದ್ದು, ತಿಂಗಳಿಗೆ ಇಳಿಸಬಹುದು ಎಂದು. ಅತ್ತೆ ಹೇಳಿದ್ದೂ ಅದನ್ನೇ. ಕೇಳಿಸಿಕೊಂಡವಳು ಮಾತ್ರ ಕನ್ನಡ ಟೀಚರ್.

ಅಂದು ಭಾನುವಾರವಲ್ಲ. ಡಾಕ್ಟರಿಗೆ ಫೋನ್ ಮಾಡಿ ಬೇಡಿಕೊಂಡೆವು. ಅವರು ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುತ್ತೇನೆಂದರು. ಪರಿಚಯದವರ ಓಮ್ನಿಯಲ್ಲಿ ಬುಜ್ಜಿಯನ್ನು ಮಲಗಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವಳು ಅತ್ತೆಯ ಮೊಣಕೈಯನ್ನು ನೆಕ್ಕುತ್ತಿದ್ದಳು.

ಕ್ಲಿನಿಕ್ಕಿನ ಹಾಲಿನಲ್ಲಿ ನಾವು ಮೂವರೇ. ಡಾಕ್ಟರು ಇನ್ನೂ ಬಂದಿರಲಿಲ್ಲ. ಗಂಡ ಗೋಡೆಗೆ ಒರಗಿ ನಿಂತಿದ್ದರು. ಅತ್ತೆ ಮೆಲ್ಲಗೆ "ನಾನು ಸರ್ಯಾಗೇ ಹೇಳಿದ್ನಲ್ಲಮ್ಮ" ಎಂದರು. ಅವರು ತಪ್ಪು ಹೊರಿಸಲು ಹೇಳಿದ್ದಲ್ಲ, ತಮಗೆ ತಾವೇ ಕೇಳಿಕೊಂಡಂತಿತ್ತು. ನನಗೆ ಅದು ಬೆಂಕಿ ಬಿದ್ದ ಹಾಗಾಯಿತು.

"ಸರಿಯಾಗಿ ಹೇಳಿದ್ರಾ? ಹನ್ನೊಂದು ವರ್ಷದಿಂದ ಬಡ್ಕೊಳ್ತಿದ್ದೀನಿ, ಕನ್ನಡ ಮಾತಾಡುವಾಗ ಕನ್ನಡ ಮಾತಾಡಿ ಅಂತ. ತಿಂಗಳು ಅನ್ನೋಕೆ ಏನು ಕಷ್ಟ ನಿಮಗೆ? ನಿಮ್ಮ ಆ ಕಲಬೆರಕೆ ಮಾತೇ ಇವಳ ಕಾಲು ಮುರಿದಿದ್ದು!"

ಗಂಡ "ಏಯ್, ಸುಮ್ನಿರೇ" ಎಂದರು. ಆದರೆ ಆಡುವುದನ್ನು ಆಡಿ ಆಗಿತ್ತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಬುಜ್ಜಿಯ ಬೆನ್ನ ಮೇಲಿದ್ದ ಅವರ ಕೈ ಸವರುವುದನ್ನು ನಿಲ್ಲಿಸಿತು. ಅಷ್ಟೆ.

ನಾನು ಹೇಳಿದ್ದು ಸುಳ್ಳು. ಅವಳನ್ನು ಇಳಿಸಿದವಳು ನಾನು. ನಡುಗುತ್ತಿದ್ದಾಗ ನಡೆಸಿದವಳು ನಾನು. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳುವಷ್ಟು ವ್ಯವಧಾನ ಇಲ್ಲದವಳು ನಾನು. ಇದೆಲ್ಲ ಆ ಕ್ಷಣದಲ್ಲೇ ನನಗೆ ಗೊತ್ತಿತ್ತು, ಅದಕ್ಕೇ ಅಷ್ಟು ಜೋರಾಗಿ ಕೂಗಿದೆ.

ಡಾಕ್ಟರು ಬಂದು ನೋಡಿ, ಪ್ಲೇಟ್ ಬಾಗಿ ಸ್ಕ್ರೂಗಳು ಕಿತ್ತು ಬಂದಿವೆ ಎಂದರು. ಯಾರನ್ನೂ ಬೈಯಲಿಲ್ಲ. "ಇನ್ನೊಂದ್ಸಲ ಪ್ರಯತ್ನ ಮಾಡೋಣ" ಎಂದು ಒಳಗೆ ಕರೆದೊಯ್ದರು. ಈ ಸಲ ನಾಲ್ಕು ತಾಸು. ಹೊರಗೆ ಬಂದಾಗ ಅವರು ಅತ್ತೆಯ ಜೊತೆ ತೆಲುಗಿನಲ್ಲಿ ಮಾತು ಶುರುಮಾಡಿದರು. ಅತ್ತೆ ಎದ್ದು ನಿಂತು ಹೇಳಿದರು: "ಕನ್ನಡದಲ್ಲಿ ಹೇಳಿ ಸ್ವಾಮಿ. ನಮ್ಮ ಸೊಸೆಗೆ ಹೇಳಿ."

ಅಂದಿನಿಂದ ಅತ್ತೆ ಮನೆಯಲ್ಲಿ ತೆಲುಗು ಆಡಲಿಲ್ಲ. ನನ್ನ ಜೊತೆ ಹೋಗಲಿ, ಮಗನ ಜೊತೆಯೂ ಇಲ್ಲ. ಫೋನ್ ರಿಂಗಾದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಅದನ್ನಾದರೂ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಬುಜ್ಜಿಯ ಜೊತೆಗೂ ಕನ್ನಡ ಮಾತಾಡತೊಡಗಿದರು.

"ತಿನ್ನು ಬುಜ್ಜಿ. ಮಲ್ಕೋ ಬುಜ್ಜಿ. ಅಳ್ಬೇಡ."

ಕಟಕಟೆಯ ಒಳಗಿನಿಂದ ಬುಜ್ಜಿ ಅವರ ಬಾಯನ್ನೇ ನೋಡುತ್ತಿದ್ದಳು. ನಿಮಿರಿದ ಕಿವಿಯನ್ನು ಮುಂದಕ್ಕೆ, ಹಿಂದಕ್ಕೆ ಆಡಿಸುತ್ತಿದ್ದಳು. ತಿನ್ನು ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ತನ್ನ ಅಮ್ಮನೇ ಬಂದು ಕುಳಿತಿದ್ದಾಳೆ, ತನ್ನ ಅಮ್ಮನದೇ ಕೈ, ತನ್ನ ಅಮ್ಮನದೇ ಸೀರೆಯ ವಾಸನೆ, ಮಾತು ಮಾತ್ರ ಬೇರೆಯವರದು. ಕಾಲು ನೋಯುತ್ತಿರುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿತ್ತೆ? ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಹೋಗಿ ಅವರ ಕಾಲು ಹಿಡಿದು, ಬೇಡಿ ಅತ್ತೆ, ಹೀಗೆ ಮಾಡಬೇಡಿ ಎನ್ನಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದಿನಾ ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಆರನೆಯ ದಿನ ಹೊಲಿಗೆಯ ಕೆಳತುದಿಯಲ್ಲಿ ಕೀವು ಕಂಡಿತು. ಮೈ ಸುಡುತ್ತಿತ್ತು. ಒಂದೇ ಜಾಗವನ್ನು ಎರಡು ಸಲ ತೆರೆದರೆ ಹೀಗಾಗುವ ಭಯ ಇದ್ದೇ ಇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ದಿನಕ್ಕೆ ಎರಡು ಇಂಜೆಕ್ಷನ್, ದನದ ಆಸ್ಪತ್ರೆಯ ಡಾಕ್ಟರೇ ಮನೆಗೆ ಬಂದು ಕೊಟ್ಟು ಹೋಗುತ್ತಿದ್ದರು. ಗಾಯ ತೊಳೆಯುವ ಕೆಲಸ ನಾನು ಕೇಳಿ ತೆಗೆದುಕೊಂಡೆ. ನಾನು ಔಷಧಿಯ ನೀರು ಹಾಕಿ ಒತ್ತುವಾಗ ಬುಜ್ಜಿ ಹಲ್ಲು ಕಿರಿದು ನನ್ನ ಕೈ ಕಚ್ಚಲು ತಿರುಗುತ್ತಿದ್ದಳು, ಆದರೆ ಕಚ್ಚುತ್ತಿರಲಿಲ್ಲ, ಬಾಯಲ್ಲಿ ಮಣಿಕಟ್ಟು ಹಿಡಿದು ಹಾಗೇ ಇರುತ್ತಿದ್ದಳು. ಕಚ್ಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮೂರು ವಾರವಾದರೂ ಕೀವು ನಿಲ್ಲಲಿಲ್ಲ. ಸೋಂಕು ಮೂಳೆಯೊಳಗೆ ಇಳಿದಿದೆ, ಇನ್ನು ಕಾಲು ತೆಗೆಯುವುದೊಂದೇ ದಾರಿ ಎಂದರು ಡಾಕ್ಟರು, ಕನ್ನಡದಲ್ಲೇ. ಮೂರು ಕಾಲಿನಲ್ಲೂ ನಾಯಿಗಳು ಚೆನ್ನಾಗಿ ಬದುಕುತ್ತವೆ, ಓಡಾಡುತ್ತವೆ ಎಂದೂ ಹೇಳಿದರು. ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ನಾನೂ ಗಂಡನೂ ದಾರಿಯುದ್ದಕ್ಕೂ ಯೋಚಿಸುತ್ತ ಬಂದೆವು. ಹೇಳಿದ್ದೇ ತಡ, ಅತ್ತೆ ಕೇಳಿದ್ದು ಒಂದೇ ಮಾತು.

"ತೆಗೆದ್ರೆ ಉಳೀತಾಳಾ?"

"ಉಳಿಯೋ ಸಾಧ್ಯತೆ ಇದೆ ಅಂದ್ರು ಅತ್ತೆ."

"ಹಂಗಾದ್ರೆ ತೆಗೀರಿ. ಕಾಲು ಹೋದ್ರೆ ಹೋಗ್ಲಿ, ಮಗು ಇರ್ಲಿ ನಂಗೆ."

ಮಗು ಎನ್ನುವ ಮೊದಲು ಅವರು ಒಂದು ಗಳಿಗೆ ತಡೆದರು. ಆರು ವರ್ಷ ಅವಳನ್ನು ನಾ ಬಿಡ್ಡ, ನಾ ಬಿಡ್ಡ ಎಂದು ಕರೆದವರು. ಆ ಪದವನ್ನು ನುಂಗಿಕೊಂಡು ಕನ್ನಡದ್ದನ್ನು ಹುಡುಕಿ ತಂದದ್ದು ನನಗೆ ಕಾಣಿಸಿತು.

ಭಾನುವಾರ ಆಪರೇಷನ್ ಎಂದಾಯಿತು. ಶುಕ್ರವಾರ ಬೆಳಿಗ್ಗೆ ಬುಜ್ಜಿ ನೀರು ಕುಡಿಯಲಿಲ್ಲ. ವಸಡು ಬಿಳಿಚಿಕೊಂಡು, ಉಸಿರು ಮೇಲೆ ಮೇಲೆ ಬರುತ್ತಿತ್ತು. ದನದ ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ನಂಜು ರಕ್ತಕ್ಕೆ ಹೋಗಿದೆ, ಭಾನುವಾರದವರೆಗೆ ತಡೆಯುವುದಿಲ್ಲ ಎಂದು ನನ್ನ ಗಂಡನಿಗೆ ಹೊರಗೆ ಹೇಳಿದರು. ನೋವು ಗೊತ್ತಾಗದ ಹಾಗೆ ಒಂದು ಇಂಜೆಕ್ಷನ್ ಕೊಟ್ಟು, ಹೋಗುವ ಮುನ್ನ ಅವಳ ತಲೆ ಮುಟ್ಟಿ ಹೋದರು.

ಬುಜ್ಜಿಯನ್ನು ಕಟಕಟೆಯಿಂದ ಎತ್ತಿ ಅತ್ತೆಯ ಮಡಿಲಲ್ಲಿ ಮಲಗಿಸಿದೆವು. ಹೊರಗೆ ಬಿಸಿಲು, ಬೀದಿಯಲ್ಲಿ ಅವರೆಕಾಯಿ ಮಾರುವವರ ಕೂಗು. ಅತ್ತೆಯ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. "ಹೆದರ್ಬೇಡ ಬುಜ್ಜಿ" ಎಂದರು ಕೊನೆಗೆ. ಬುಜ್ಜಿಯ ಕಣ್ಣು ಅವರ ಮುಖವನ್ನು ಹುಡುಕುತ್ತಿತ್ತು.

ನನ್ನಿಂದ ಇನ್ನು ತಡೆಯಲಾಗಲಿಲ್ಲ. ಅವರ ಮುಂದೆ ಕುಕ್ಕರಿಸಿ, "ಅತ್ತೆ, ದಮ್ಮಯ್ಯ, ಅವಳಿಗೆ ತೆಲುಗಲ್ಲಿ ಹೇಳಿ. ಅವಳಿಗೆ ಅರ್ಥ ಆಗ್ತಿಲ್ಲ" ಎಂದೆ.

ಅತ್ತೆ ನನ್ನನ್ನು ನೋಡಿದರು. ಆಮೇಲೆ ಬಾಗಿ, ಮಡಿಸಿದ ಆ ಕಿವಿಯನ್ನು ಬಿಡಿಸಿ, ಅದಕ್ಕೆ ಬಾಯಿ ಹಚ್ಚಿ ಮಾತಾಡತೊಡಗಿದರು. "ಭಯಪಡೊದ್ದು ತಲ್ಲಿ, ನೇನುನ್ನಾ, ನೇನು ಇಕ್ಕಡೇ ಉನ್ನಾ." ಹೆದರಬೇಡ, ನಾನಿದ್ದೇನೆ, ಇಲ್ಲೇ ಇದ್ದೇನೆ. ಒಂದು ತಿಂಗಳು ಕಟ್ಟಿಟ್ಟಿದ್ದ ಮಾತೆಲ್ಲ ಹರಿದು ಬಂತು. ನಾದಿನಿಯ ಮಗುವಿನ ಸುದ್ದಿ ಹೇಳಿದರು, ಅದರ ಕೂದಲು ಹೇಗಿದೆಯೆಂದು ಹೇಳಿದರು, ಮಾವ ಅಲ್ಲಿ ಇರುತ್ತಾರೆ, ಅವರ ಜೊತೆ ಜಗಳ ಆಡಬೇಡ ಎಂದರು. ಬುಜ್ಜಿಯ ಬಾಲ ಎರಡು ಸಲ ಅಲುಗಿ ನೆಲಕ್ಕೆ ಬಡಿಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಉಸಿರು ನಿಂತಿತು. ಅತ್ತೆ ಮಾತು ನಿಲ್ಲಿಸಲು ಇನ್ನೂ ಬಹಳ ಹೊತ್ತಾಯಿತು.

ಹಿತ್ತಲಿನ ಸಪೋಟ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಗುಣಿಗೆ ಇಳಿಸುವಾಗ ಮುರಿದ ಕಾಲು ಅಡಿಗೆ ಸಿಕ್ಕದ ಹಾಗೆ ಅತ್ತೆಯೇ ಹಿಡಿದುಕೊಂಡರು. ಇನ್ನು ನೋಯುವುದಿಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಆಮೇಲೆ ಮನೆ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಅತ್ತೆ ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಅಡುಗೆ ಮಾಡಿದರು, ಮಗಳಿಗೆ ಜಡೆ ಹಾಕಿದರು. ನಾನು ಮಾತ್ರ ಪಕ್ಕದ ಮನೆಯವರ ಹತ್ತಿರ ಗುಟ್ಟಾಗಿ ತೆಲುಗಿನ ಮಾತು ಕೇಳಿ ಕಲಿಯುತ್ತಿದ್ದೆ. ಕ್ಷಮೆ ಕೇಳುವುದಾದರೆ ಅವರ ಮಾತಿನಲ್ಲೇ ಕೇಳಬೇಕು ಎಂದು ನನ್ನ ಹಟ. ಈ ಹಟ ಎಂಬುದು ನನ್ನನ್ನು ಬಿಟ್ಟು ಹೋಗುವಂಥದ್ದಲ್ಲ.

ಸಂಕ್ರಾಂತಿ ಕಳೆದ ಒಂದು ಭಾನುವಾರ, ಇಬ್ಬರೂ ಜಗುಲಿಯಲ್ಲಿ ಕುಳಿತು ನೆನೆಸಿದ ಅವರೆಕಾಳಿನ ಸಿಪ್ಪೆ ಹಿದುಕುತ್ತಿದ್ದೆವು. ನಡುವೆ ಪಾತ್ರೆ. ಬಹಳ ಹೊತ್ತಿನ ಮೇಲೆ ಧೈರ್ಯ ಮಾಡಿ, ಕಲಿತದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ತಪ್ಪು ನಾದೇ ಅತ್ತಮ್ಮಾ. ಮೀದಿ ಕಾದು."

ತಪ್ಪು ನನ್ನದು, ನಿಮ್ಮದಲ್ಲ. ಅತ್ತೆಯ ಬೆರಳು ನಿಂತಿತು. ಅವರು ನಗುತ್ತಾರೇನೋ ಎಂದುಕೊಂಡೆ, ಅಳುತ್ತಾರೇನೋ ಎಂದುಕೊಂಡೆ.

"ನೀನು ಕನ್ನಡದಲ್ಲೇ ಹೇಳಮ್ಮ. ನಂಗರ್ಥ ಆಗ್ತೈತೆ" ಎಂದರು.

ಕನ್ನಡದಲ್ಲಿ ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅವರು ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು, ಹಿದುಕಲಿಲ್ಲ, ಅಂಗೈಯಲ್ಲೇ ಹಿಡಿದಿದ್ದರು.

"ತಿಂಗಳು ಅನ್ನೋ ಮಾತು ನಂಗೂ ಗೊತ್ತಿತ್ತಮ್ಮ. ನೀನೇ ಕಲಿಸಿದ್ದು. ಆವತ್ತು ಅವಳು ಮೊದ್ಲಿನಂಗೆ ನಡೀತಾಳೆ ಅಂದ್ರು ನೋಡು ಡಾಕ್ಟ್ರು, ಆ ಸಂತೋಷಕ್ಕೆ ಬಾಯಿಗೆ ಬರ್ಲಿಲ್ಲ."